ಹೆಡರ್ ಇಲ್ಲ ಅಂದಾಗ ನಾನು ಹುಡುಕುವ ರೀತಿ

ತುಮಕೂರಿನಲ್ಲಿ ನಮ್ಮದೊಂದು ಪುಟ್ಟ ಗುಂಪಿದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶವಾದ ಟೆಸರಾಕ್ಟ್‌ನಿಂದ ಓದಿಸುತ್ತೇವೆ. ಅದನ್ನು ಪಳಗಿಸಲು ಕನ್ನಡ ಸಾಲುಗಳನ್ನು ಬೇರೆ ಬೇರೆ ಫಾಂಟ್‌ನಲ್ಲಿ ಚಿತ್ರ ಮಾಡಿಕೊಡುವ ಸಣ್ಣ ಸಿ ಲೈಬ್ರರಿ ಬರೆದಿದ್ದೇವೆ. ಒತ್ತಕ್ಷರ ಸರಿಯಾಗಿ ಕೂರಬೇಕಲ್ವಾ, ಅದಕ್ಕೆ ಅಕ್ಷರಗಳನ್ನು ಜೋಡಿಸಿ ಕೂರಿಸುವ ಪ್ಯಾಂಗೋ ಎಂಬ ಲೈಬ್ರರಿ ಬಳಸುತ್ತೇವೆ.

ಹೊಸದಾಗಿ ಸೇರಿದ ಶಿರಾದ ಹುಡುಗ ಅದರ ಒಂದು ಫೈಲನ್ನು ಉಬುಂಟುವಿನಲ್ಲಿ ಸುಮ್ನೆ ಸಿ ಕಂಪೈಲರ್ ಆದ ಜಿಸಿಸಿಗೆ ಕೊಟ್ಟ. 'ಪ್ಯಾಂಗೋ/ಪ್ಯಾಂಗೋಕೈರೋ.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅಂತ ಬಂತು. ಅಂದರೆ ಹೆಡರ್, ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರ್‌ಗೆ ಹೇಳುವ ಫೈಲ್, ಸಿಗಲಿಲ್ಲ.

"ಅಣ್ಣ, ಪ್ಯಾಂಗೋ ಇದೆಯಲ್ಲ, ಡೆಸ್ಕ್‌ಟಾಪೇ ಅದನ್ನ ಬಳಸ್ತಿದೆ" ಅಂದ.

ಇರುವುದು ಓಡಿಸಲು ಬೇಕಾದ ಭಾಗ ಮಾತ್ರ. ಹೆಡರ್‌ಗಳು 'ಡೆವ್' ಎಂದು ಮುಗಿಯುವ ಬೇರೆ ಪ್ಯಾಕೇಜ್‌ನಲ್ಲಿರುತ್ತವೆ, ಫೆಡೋರಾ ಲಿನಕ್ಸ್‌ನಲ್ಲಾದರೆ 'ಡೆವೆಲ್'. ಯಾವ ಪ್ಯಾಕೇಜ್ ಅಂತ ಊಹಿಸುವುದಕ್ಕಿಂತ, ಯಾವ ಫೈಲ್ ಯಾವ ಪ್ಯಾಕೇಜಿನದ್ದು ಅಂತ ಹೇಳುವ ಆಪ್ಟ್-ಫೈಲ್‌ಗೆ ಹೆಡರ್ ಹೆಸರು ಕೊಟ್ಟು ಕೇಳುವುದು ಒಳ್ಳೆಯದು. ಲಿಬ್‌ಪ್ಯಾಂಗೋ1.0-ಡೆವ್ ಅಂತ ಹೇಳಿತು, ಹಾಕಿದೆವು.

ಮತ್ತೆ ಅದೇ ಎರರ್. ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಫೈಲ್ ಈಗ ಇದೆ, ಆದರೆ /ಯುಎಸ್‌ಆರ್/ಇನ್‌ಕ್ಲೂಡ್ ಒಳಗೆ ಪ್ಯಾಂಗೋ-1.0 ಎಂಬ ಇನ್ನೊಂದು ಫೋಲ್ಡರ್‌ನಲ್ಲಿದೆ. ಜಿಸಿಸಿ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಎಲ್ಲೆಲ್ಲಿ ಹುಡುಕುತ್ತದೆ ಅಂತ ನೋಡಬೇಕಾದರೆ ಮೈನಸ್ ವಿ ಕೊಡಿ, ಪಟ್ಟಿಯನ್ನೇ ಮುಂದಿಡುತ್ತದೆ. ಹುಡುಗ ಕ್ಯಾಪಿಟಲ್ ಐ ಆಪ್ಷನ್‌ನಲ್ಲಿ ಆ ಫೋಲ್ಡರ್ ಕೊಟ್ಟ. ಈಗ ಜಿಲಿಬ್-ಆಬ್ಜೆಕ್ಟ್.ಎಚ್ ಇಲ್ಲ ಅಂತು. ಅದು ಪ್ಯಾಂಗೋಗೆ ಬೇಕಾದ ಜಿಲಿಬ್ ಎಂಬ ಇನ್ನೊಂದು ಲೈಬ್ರರಿಯದ್ದು. ಅದರ ಜಿಲಿಬ್-2.0 ಫೋಲ್ಡರನ್ನೂ ಸೇರಿಸಿದ. ಆಮೇಲೆ ಜಿಲಿಬ್‌ಕಾನ್ಫಿಗ್.ಎಚ್ ಇಲ್ಲ! ಇದಂತೂ ಇನ್‌ಕ್ಲೂಡ್ ಫೋಲ್ಡರ್ ಕಡೆಗೇ ಬರುವುದಿಲ್ಲ. ಯಂತ್ರಕ್ಕೆ ತಕ್ಕಂತೆ ಬದಲಾಗುವ ಫೈಲ್ ಆದ್ದರಿಂದ /ಯುಎಸ್‌ಆರ್/ಲಿಬ್ ಕೆಳಗೆ ಕೂತಿರುತ್ತದೆ.

ಹೀಗೆ ಒಂದೊಂದಾಗಿ ಬೆನ್ನು ಹತ್ತಿದರೆ ಮುಗಿಯುವುದಿಲ್ಲ. 'ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ ಪ್ಯಾಂಗೋಕೈರೋ' ಅಂದರೆ ಎಲ್ಲ ದಾರಿಯನ್ನೂ ಒಂದೇ ಸಾಲಿನಲ್ಲಿ ಕೊಡುತ್ತದೆ. ಅದನ್ನೇ ಜಿಸಿಸಿಗೆ ಕೊಟ್ಟೆವು, ಕಂಪೈಲ್ ಆಯಿತು. ಇಲ್ಲಿ ಹೆಸರು ಪ್ಯಾಕೇಜಿನದ್ದಲ್ಲ, ಲೈಬ್ರರಿಯ ದಾರಿಗಳನ್ನು ಬರೆದಿಟ್ಟಿರುವ .ಪಿಸಿ ಫೈಲಿನದ್ದು. ಉದಾಹರಣೆಗೆ, ಲಿಬ್‌ಎಕ್ಸ್‌ಎಂಎಲ್2-ಡೆವ್ ಹಾಕಿದವರು ಇಲ್ಲಿ ಲಿಬ್‌ಎಕ್ಸ್‌ಎಂಎಲ್-2.0 ಅಂತ ಕೇಳಬೇಕು.

ಕಾಣೆಯಾದ ಹೆಡರನ್ನು ನೆಟ್‌ನಿಂದ ಇಳಿಸಿ ಫೋಲ್ಡರ್‌ಗೆ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಹೆಡರ್ ಒಂದು ವರ್ಶನ್, ಲೈಬ್ರರಿ ಇನ್ನೊಂದು ಆದರೆ ಕಂಪೈಲ್ ಆಗಿಬಿಡಬಹುದು. ಓಡುವಾಗ ಎಲ್ಲೋ ಕ್ರ್ಯಾಶ್ ಆಗಬಹುದು, ಕಾರಣ ಹುಡುಕೋದು ಜಾಸ್ತಿ ಕಷ್ಟ.

ಇಲ್ಲ ಅನ್ನುವುದು ಕಾನ್ಫಿಗ್.ಎಚ್ ಆಗಿದ್ದರೆ ಮಾತ್ರ ಪ್ಯಾಕೇಜ್ ಹುಡುಕಬೇಡಿ. ಅದು ಸಾಮಾನ್ಯವಾಗಿ, ಸೋರ್ಸ್ ಜೊತೆ ಬರುವ ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ಓಡಿಸಿದಾಗ ಹುಟ್ಟುವ ಫೈಲ್. ಗಿಟ್‌ನಿಂದ ಇಳಿಸಿದ ಸೋರ್ಸ್‌ನಲ್ಲಿ ಕಾನ್ಫಿಗರ್ ಕೂಡ ಇಲ್ಲದಿದ್ದರೆ ಮೊದಲು ಅದನ್ನು ತಯಾರಿಸಿಕೊಡುವ ಆಟೋಜೆನ್.ಎಸ್‌ಎಚ್ ಇದೆಯಾ ನೋಡಿ.