ಕಿತ್ತಷ್ಟೂ ಹೆಚ್ಚಿದ ಗುಲಾಬಿ ಹೂವಿನ ಕಳೆ

ಮೈಸೂರಿನ ನಮ್ಮ ಮನೆಯ ಮುಂದೆ 18 ಅಡಿಗೆ 12 ಅಡಿಯ ಒಂದು ಹುಲ್ಲುಹಾಸು ಇದೆ. ಹಾಕಿಸಿರುವುದು ಗರಿಕೆಯ ಜಾತಿಯದೇ ಹುಲ್ಲು. ತಾತ ಹೊಲದಲ್ಲಿ ಬೆನ್ನು ಬಗ್ಗಿಸಿ ಕಿತ್ತೆಸೆಯುತ್ತಿದ್ದುದನ್ನು ಮೊಮ್ಮಗ ದುಡ್ಡು ಕೊಟ್ಟು ತಂದು ನೀರು ಹಾಕಿ ಬೆಳೆಸುತ್ತಿದ್ದಾನೆ ಎಂದು ಅಮ್ಮ ಇಂದಿಗೂ ನಗುತ್ತಾರೆ.

ಹಾಕಿಸಿದ ಮರುವರ್ಷ, ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ, ಗರಿಕೆಯ ನಡುವೆ ಅಲ್ಲಲ್ಲಿ ಮೂರೆಲೆಯ ಗಿಡಗಳು ತಲೆಯೆತ್ತಿದವು. ಜೂನ್ ಹೊತ್ತಿಗೆ ತೆಳ್ಳಗಿನ ತೊಟ್ಟುಗಳ ತುದಿಯಲ್ಲಿ ಐದು ಎಸಳಿನ, ನಸುನೇರಳೆ ಬೆರೆತ ಗುಲಾಬಿ ಬಣ್ಣದ ಹೂಗಳು. ನೋಡುವುದಕ್ಕೆ ಚೆಂದವಾಗಿಯೇ ಇದ್ದವು. ಅಮ್ಮ ದಿನವೂ ಬೆಳಿಗ್ಗೆ ಒಂದು ಹಿಡಿ ಕಿತ್ತು ದೇವರಿಗೆ ಏರಿಸುತ್ತಿದ್ದುದರಿಂದ ನಾನೂ ಸುಮ್ಮನಿದ್ದೆ. ಆ ಒಂದು ಮಳೆಗಾಲದ ಸೋಮಾರಿತನಕ್ಕೆ ಮುಂದೆ ಮೂರು ವರ್ಷ ದಂಡ ತೆತ್ತೆ.

ಮೊಬೈಲಿನಲ್ಲಿ ಚಿತ್ರ ತೆಗೆದು ಗಿಡ ಗುರುತಿಸುವ ಆ್ಯಪ್‌ಗೆ ಕೊಟ್ಟೆ. ಒಮ್ಮೆ ಕ್ಲೋವರ್ ಎಂದಿತು, ಇನ್ನೊಮ್ಮೆ ಆಕ್ಸಾಲಿಸ್ ಎಂದಿತು. ಅಮ್ಮ ಮಾತ್ರ ಒಂದು ಎಲೆ ಕಿತ್ತು ನಾಲಿಗೆಗೆ ಮುಟ್ಟಿಸಿ, ‘ಹುಳಿ ಇದೆ ಕಣೋ, ಹುಳಿಸೊಪ್ಪಿನ ಕುಲದ್ದೇ ಇದು’ ಎಂದರು. ಗೊತ್ತಿಲ್ಲದ ಗಿಡವನ್ನು ಬಾಯಿಗಿಟ್ಟು ನೋಡುವ ಅವರ ಧೈರ್ಯ ನನಗಿಲ್ಲ, ನಿಮಗೂ ಬೇಡ. ಆದರೆ ಮಾತು ಸರಿಯಾಗಿತ್ತು: ಆಕ್ಸಾಲಿಸ್ ಎಂದರೆ ಹುಳಿಸೊಪ್ಪಿನ ಕುಲವೇ, ಆ ಹುಳಿ ಆಕ್ಸಾಲಿಕ್ ಆಮ್ಲದ್ದು. ಕ್ಲೋವರ್‌ನ ಎಲೆ ಮೊಟ್ಟೆಯಾಕಾರ, ಅದರ ಹೂವೂ ಚೆಂಡಿನ ಹಾಗೆ ಗುಂಪಾಗಿರುತ್ತದೆ. ಇದರ ಎಲೆಯ ಒಂದೊಂದು ದಳವೂ ತ್ರಿಕೋನ, ತುದಿಯಲ್ಲಿ ಮೀನಿನ ಬಾಲದ ಹಾಗೆ ಸೀಳು. ಸಂಜೆಯಾದರೆ ಮೂರೂ ದಳಗಳು ಮಡಚಿದ ಕೊಡೆಯಂತೆ ಕೆಳಗೆ ಬೀಳುತ್ತವೆ. ಅಮ್ಮನಿಗೆ ಗೊತ್ತಿದ್ದದ್ದು ಹಳದಿ ಹೂವಿನ, ನೆಲದ ಮೇಲೆ ಹಬ್ಬುವ ಪುಟ್ಟ ಹುಳಿಸೊಪ್ಪು. ಅದಕ್ಕೆ ಹರಿಯುವ ಕಾಂಡವಿದೆ. ಇದಕ್ಕೆ ನೆಲದ ಮೇಲೆ ಕಾಂಡವೇ ಇಲ್ಲ, ಎಲೆಯೂ ಹೂವೂ ನೇರವಾಗಿ ಮಣ್ಣಿನಿಂದಲೇ ಎದ್ದು ಬರುತ್ತವೆ. ಆ ಒಂದು ಸಂಗತಿಯೇ ನನಗೆ ಎಚ್ಚರಿಕೆ ಆಗಬೇಕಿತ್ತು.

ಆಗಲಿಲ್ಲ. ಮಾಲಿ ಬಂದು, ‘ಬುಡಸಮೇತ ಅಗೆದು ಹಾಕಿಬಿಡೋಣ ಸಾರ್’ ಎಂದ. ನನಗೂ ಅದೇ ಸರಿ ಎನ್ನಿಸಿತು. ಇಬ್ಬರೂ ಕಳೆಗುದ್ದಲಿ ಹಿಡಿದು ಒಂದು ಭಾನುವಾರವಿಡೀ ಅಗೆದೆವು, ಮಣ್ಣು ಕೊಡವಿದೆವು, ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಿದೆವು. ಮೂರು ವಾರದಲ್ಲಿ ಒಂದು ಗಿಡ ಇದ್ದ ಕಡೆ ಹತ್ತು ಎದ್ದವು. ಅಲ್ಲಿಯವರೆಗೆ ಒಂದೂ ಇಲ್ಲದಿದ್ದ ದಾಸವಾಳದ ಪಾತಿಯಲ್ಲೂ ಕಾಣಿಸಿಕೊಂಡವು, ಏಕೆಂದರೆ ಗುಂಡಿಯ ಗೊಬ್ಬರವನ್ನು ಅಲ್ಲಿಗೆ ಹಾಕಿದ್ದೆ.

ಆಮೇಲೆ ಬುದ್ಧಿ ಬಂತು. ಒಂದು ಗಿಡವನ್ನು ಅಂಗೈಯಗಲದ ಮಣ್ಣಿನ ಹೆಂಟೆಯ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಇಳಿಬಿಟ್ಟೆ. ಮಣ್ಣು ಕರಗುತ್ತ ಬಂದ ಹಾಗೆ ಒಳಗುಟ್ಟು ಹೊರಬಿತ್ತು. ನಡುವೆ ಕಂದು ಸಿಪ್ಪೆಯ ಒಂದು ಗಡ್ಡೆ, ಸಣ್ಣ ಸಾಂಬಾರ್ ಈರುಳ್ಳಿಯಷ್ಟು. ಅದರ ಕೆಳಗೆ ಮೂಲಂಗಿಯ ಮರಿಯಂಥ, ಬೆಳಕು ಹಾಯುವಷ್ಟು ಬೆಳ್ಳಗಿನ ಬೇರು. ಗಡ್ಡೆಯ ಸುತ್ತ ದಾರದಂಥ ಬಿಳಿ ಎಳೆಗಳು, ಪ್ರತಿ ಎಳೆಯ ತುದಿಯಲ್ಲೂ ಜೋಳದ ಕಾಳಿಗಿಂತ ಸಣ್ಣದಾದ ಒಂದು ಮರಿಗಡ್ಡೆ. ಎಣಿಸಿದೆ, ಹದಿನಾಲ್ಕಿದ್ದವು. ಮೆಲ್ಲಗೆ ಎಳೆದರೆ ಸಾಕು, ಎಳೆ ತುಂಡಾಗಿ ಮರಿ ಅಲ್ಲೇ ಉಳಿಯುತ್ತದೆ. ನಾವು ಭಾನುವಾರವಿಡೀ ಮಾಡಿದ್ದು ಕಳೆ ಕೀಳುವ ಕೆಲಸವಲ್ಲ, ಬಿತ್ತನೆ.

ಗುರುತು ಖಚಿತವಾದದ್ದೂ ಆ ಬಕೆಟ್ಟಿನಲ್ಲೇ. ಗುಲಾಬಿ ಹೂವಿನ ಹುಳಿಸೊಪ್ಪುಗಳಲ್ಲಿ ನಮ್ಮ ಕಡೆ ಸಾಮಾನ್ಯವಾಗಿ ಎರಡು ಸಿಗುತ್ತವೆ. ಮರಿಗಡ್ಡೆಗಳು ತಾಯಿಗಡ್ಡೆಗೆ ಅಂಟಿಕೊಂಡೇ ಗುಂಪಾಗಿದ್ದು, ಎಲೆಯ ದಳ ದುಂಡಗೆ ಹೃದಯದಾಕಾರ ಇದ್ದರೆ ಅದು ಆಕ್ಸಾಲಿಸ್ ಡೆಬಿಲಿಸ್. ಮರಿಗಳು ಎಳೆಗಳ ತುದಿಯಲ್ಲಿ ದೂರ ದೂರ ಇದ್ದು, ದಳ ಮೀನಿನ ಬಾಲದಂತಿದ್ದರೆ ಆಕ್ಸಾಲಿಸ್ ಲ್ಯಾಟಿಫೋಲಿಯಾ. ನನ್ನದು ಎರಡನೆಯದು. ಮೂಲ ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಕಡೆಯದು. ನನ್ನ ಅಂಗಳಕ್ಕೆ ಬಂದದ್ದು ಬಹುಶಃ ಹುಲ್ಲುಹಾಸಿನ ಜೊತೆಗೆ ತರಿಸಿದ ಕೆಂಪು ಮಣ್ಣಿನಲ್ಲಿ.

ಔಷಧಿಯನ್ನೂ ಬಿಡಲಿಲ್ಲ. ಹುಲ್ಲನ್ನು ಉಳಿಸಿ ಅಗಲ ಎಲೆಯ ಕಳೆಯನ್ನು ಕೊಲ್ಲುವ 2,4-ಡಿ ತಂದು, ಡಬ್ಬಿಯ ಮೇಲಿದ್ದ ಪ್ರಮಾಣದಲ್ಲೇ ಸಿಂಪಡಿಸಿದೆ. ಎಲೆಗಳು ತಿರುಚಿಕೊಂಡು ಮಲಗಿದವು, ಗೆದ್ದೆನೆಂದುಕೊಂಡೆ. ತಿಂಗಳೊಳಗೆ ಗಡ್ಡೆಗಳಿಂದ ಹೊಸ ಎಲೆ ಬಂತು. ಅಂದು ಬೀಸುತ್ತಿದ್ದ ಅಷ್ಟಿಷ್ಟು ಗಾಳಿಗೆ ಹನಿ ಹಾರಿ, ಕಾಂಪೌಂಡ್ ಪಕ್ಕದ ಕುಂಡದಲ್ಲಿದ್ದ ಟೊಮೆಟೊ ಗಿಡದ ಚಿಗುರುಗಳು ಮುಷ್ಟಿ ಬಿಗಿದಂತೆ ಸುರುಟಿಕೊಂಡವು. ಟೊಮೆಟೊಗೆ ಆ ಔಷಧಿಯ ಗಾಳಿಯೂ ಆಗದು. ಗ್ಲೈಫೊಸೇಟ್ ಎಂಬ ಇನ್ನೊಂದು ಕಳೆನಾಶಕದ ಯೋಚನೆಯನ್ನು ಅಲ್ಲೇ ಕೈಬಿಟ್ಟೆ, ಅದು ಗರಿಕೆಯನ್ನೂ ಸುಡುತ್ತದೆ. ವಿನೆಗರ್ ಸುರಿಯಿರಿ ಎಂದವರ ಮಾತನ್ನೂ ಒಂದು ಮೂಲೆಯಲ್ಲಿ ಪರೀಕ್ಷಿಸಿದೆ. ಎಲೆ ಸುಟ್ಟಿತು, ಗರಿಕೆ ಸುಟ್ಟಿತು, ಗಡ್ಡೆಗೆ ಏನೂ ಆಗಲಿಲ್ಲ.

ಕೊನೆಗೆ ಹಿಡಿದದ್ದು ಉಪವಾಸ ಕೆಡವುವ ದಾರಿ. ಗಡ್ಡೆ ತನ್ನ ದಾಸ್ತಾನನ್ನೆಲ್ಲ ಖರ್ಚು ಮಾಡಿ ಮೊದಲ ಎಲೆಗಳನ್ನು ಹೊರಗೆ ಕಳುಹಿಸುತ್ತದೆ. ಆ ಎಲೆಗಳು ಬಿಸಿಲು ಕುಡಿದು ಸಾಲ ತೀರಿಸಿ, ಮರಿಗಡ್ಡೆಗಳನ್ನು ಕಟ್ಟಲು ಕೆಲವು ವಾರ ಬೇಕು. ಆ ನಡುವಿನ ಕಾಲದಲ್ಲೇ ಎಲೆ ತೆಗೆದರೆ ಗಡ್ಡೆ ಮತ್ತೆ ಸಾಲ ಮಾಡಬೇಕು. ಹಾಗಾಗಿ ಏಪ್ರಿಲ್‌ನ ಮೊದಲ ಮಳೆಯಿಂದ ಅಕ್ಟೋಬರ್‌ವರೆಗೆ ವಾರಕ್ಕೆರಡು ಸಂಜೆ, ಅರ್ಧ ಗಂಟೆ, ಮಣೆ ಹಾಕಿಕೊಂಡು ಕೂತು ಕತ್ತರಿಯಲ್ಲಿ ಎಲೆಗಳನ್ನು ನೆಲಮಟ್ಟಕ್ಕೆ ಕತ್ತರಿಸಿದೆ. ಎಳೆಯಲಿಲ್ಲ, ಅಗೆಯಲಿಲ್ಲ. ಹೂವು ಒಂದನ್ನೂ ಬಿಡಲಿಲ್ಲ, ಅದಕ್ಕೆ ಅಮ್ಮನ ಮುನಿಸನ್ನೂ ಕಟ್ಟಿಕೊಂಡೆ.

ಜೊತೆಗೆ ಹುಲ್ಲು ಕತ್ತರಿಸುವ ಯಂತ್ರವನ್ನು ಒಂದು ಇಂಚಿನಿಂದ ಎರಡು ಇಂಚಿಗೆ ಏರಿಸಿದೆ. ಬೋಳಿಸಿದಂತಿದ್ದ ಹಾಸು ದಟ್ಟವಾಯಿತು, ನೆಲಕ್ಕೆ ನೆರಳಾಯಿತು. ಗರಿಕೆಗೆ ಬಿಸಿಲು ಬೇಕೆಂದು ಸಂಪಿಗೆಯ ಎರಡು ಕೊಂಬೆ ಕಡಿಸಿದೆ. ದಿನವೂ ಚಿಮುಕಿಸುತ್ತಿದ್ದ ನೀರನ್ನು ಬಿಟ್ಟು, ಐದಾರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಟ್ಟೆ. ದಾಸವಾಳದ ಪಾತಿಯಲ್ಲಿ ಮಾತ್ರ ಮಣ್ಣನ್ನು ಮುಕ್ಕಾಲು ಅಡಿಯವರೆಗೆ ತೆಗೆದು ಜರಡಿ ಹಿಡಿದೆ. ಸಿಕ್ಕ ಗಡ್ಡೆಗಳನ್ನು ಗುಂಡಿಗೆ ಹಾಕದೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮಾರ್ಚ್‌, ಏಪ್ರಿಲ್ ಎರಡು ತಿಂಗಳು ತಾರಸಿಯ ಬಿಸಿಲಿಗೆ ಇಟ್ಟೆ.

ಮೊದಲ ವರ್ಷ ಫಲವೇ ಕಾಣಲಿಲ್ಲ, ಬಿಟ್ಟುಬಿಡುವ ಮನಸ್ಸಾಗಿತ್ತು. ಎರಡನೆಯ ಮಳೆಗಾಲದಲ್ಲಿ ಎಲೆಗಳು ಹೆಬ್ಬೆರಳಿನ ಉಗುರಿನಷ್ಟೇ ಬಂದವು, ತೊಟ್ಟು ದಾರದಷ್ಟು ಸಣ್ಣ. ಗಡ್ಡೆ ಬಡವಾಗಿದೆ ಎಂದು ಅದರಿಂದಲೇ ತಿಳಿಯಿತು. ಮೂರನೆಯ ವರ್ಷ ಅರ್ಧ ಗಂಟೆಯ ಕೆಲಸ ಐದು ನಿಮಿಷಕ್ಕೆ ಇಳಿಯಿತು. ಈಗಲೂ ಗೇಟಿನ ಬಳಿಯ ಕಲ್ಲುಚಪ್ಪಡಿಗಳ ಸಂದಿನಲ್ಲಿ ಒಂದಿಷ್ಟು ಇವೆ, ಅಲ್ಲಿ ಕತ್ತರಿ ಆಡುವುದಿಲ್ಲ, ಕುದಿಯುವ ನೀರು ಹೊಯ್ಯುತ್ತೇನೆ.

ಹೋದ ತಿಂಗಳು ಪಕ್ಕದ ಮನೆಯವರು ಕುಂಡಸಮೇತ ಒಂದು ಮಲ್ಲಿಗೆ ಗಿಡ ಕೊಟ್ಟರು. ಅವರು ಅತ್ತ ಹೋದ ಮೇಲೆ ಗಿಡವನ್ನು ಕುಂಡದಿಂದ ಹೊರತೆಗೆದು ಬೇರಿನ ಮಣ್ಣನ್ನು ಬಕೆಟ್ಟಿನಲ್ಲಿ ತೊಳೆದೆ. ನಾಲ್ಕು ಮರಿಗಡ್ಡೆ ಸಿಕ್ಕವು.