ಹಿರಿಯರ ಹೆಜ್ಜೆಗೆ ಒಗ್ಗುವ ಎರಡು ನಡಿಗೆಗಳು: ಹಳೇಬೀಡು ಮತ್ತು ತುಂಗೆಯ ದಡ

ಒಂದು ನಡಿಗೆ ಸುಲಭವೋ ಕಷ್ಟವೋ ಎಂಬುದನ್ನು ನಾನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ಕಾಲಡಿಯ ನೆಲ ಎಂಥದು, ಮೆಟ್ಟಿಲು ಎಷ್ಟು ಎತ್ತರ, ನೆರಳಿನಲ್ಲಿ ಕುಳಿತುಕೊಳ್ಳಲು ಜಾಗ ಎಷ್ಟು ದೂರಕ್ಕೊಮ್ಮೆ ಸಿಗುತ್ತದೆ, ಚಪ್ಪಲಿ ಎಲ್ಲಿ ಬಿಡಬೇಕು, ನಡೆದ ದಾರಿಯಲ್ಲೇ ಮತ್ತೆ ಹಿಂದಿರುಗಬೇಕೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ನಾನು ಅಮ್ಮನನ್ನೂ ದೊಡ್ಡಮ್ಮನನ್ನೂ ಹೊರಡಿಸುವುದು. ಇಬ್ಬರಿಗೂ ಎಪ್ಪತ್ತು ದಾಟಿದೆ, ಇಬ್ಬರಿಗೂ ಮಂಡಿನೋವಿದೆ, ಆದರೆ ನೋಡುವ ಆಸೆ ಇಬ್ಬರಲ್ಲಿಯೂ ಕುಗ್ಗಿಲ್ಲ. ಚಿಕ್ಕಮಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಜಾಗಗಳಲ್ಲಿ ಅವರ ನಡಿಗೆಗೆ ಚೆನ್ನಾಗಿ ಒಗ್ಗಿದವು ಎರಡು: ಹಾಸನ ಜಿಲ್ಲೆಯ ಹಳೇಬೀಡಿನ ದೇವಾಲಯಗಳ ಸುತ್ತಣ ಹುಲ್ಲುಹಾಸು ಮತ್ತು ನಮ್ಮದೇ ಜಿಲ್ಲೆಯ ಶೃಂಗೇರಿಯಲ್ಲಿ ತುಂಗೆಯ ದಡ.

ಹಳೇಬೀಡಿಗೆ ಬರುವವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯವನ್ನು ಮೊದಲು ನೋಡುತ್ತಾರೆ. ಅಷ್ಟರಲ್ಲೇ ದಣಿದು, ಉಳಿದುದನ್ನು ಬಿಟ್ಟು ಬೇಲೂರಿನ ದಾರಿ ಹಿಡಿಯುತ್ತಾರೆ. ನಾನು ಈ ಕ್ರಮವನ್ನು ತಿರುಗಿಸಿಕೊಂಡಿದ್ದೇನೆ. ಬೆಳಿಗ್ಗೆ ಬೇಗನೆ ತಲುಪಿ, ವಾಹನವನ್ನು ನೇರವಾಗಿ ಕೇದಾರೇಶ್ವರ ದೇವಾಲಯದ ಬಳಿಗೆ ಒಯ್ದು ಎಲ್ಲರನ್ನೂ ಅಲ್ಲಿ ಇಳಿಸಿ, ಚಾಲಕರಿಗೆ ಹೊಯ್ಸಳೇಶ್ವರದ ನಿಲ್ದಾಣಕ್ಕೆ ಹೋಗಿ ಕಾಯುವಂತೆ ಹೇಳುತ್ತೇನೆ. ಎರಡು ದೇವಾಲಯಗಳ ನಡುವಿನ ದಾರಿ ಒಂದು ಕಿಲೋಮೀಟರಿನ ಆಸುಪಾಸಿನದು, ಹೆಚ್ಚು ಏರಿಳಿತವಿಲ್ಲದ್ದು, ಮತ್ತು ನಡುವೆ ಬಸದಿಹಳ್ಳಿಯ ಜೈನ ಬಸದಿಗಳಲ್ಲಿ ತಂಗಲು ಅವಕಾಶವಿರುವಂಥದು. ಹೀಗೆ ಒಂದೇ ದಿಕ್ಕಿನಲ್ಲಿ ನಡೆಯುವುದರಿಂದ ಬಂದ ದಾರಿಯಲ್ಲೇ ಹಿಂದಿರುಗುವ ಶ್ರಮವಿರುವುದಿಲ್ಲ. ಮುಂದೆ ಎಲ್ಲಿ ವಾಹನ ನಿಂತಿದೆ ಎಂಬುದು ಗೊತ್ತಿರುವಾಗ ಹಿರಿಯರ ಮನಸ್ಸಿನಲ್ಲಿ ಆತಂಕವೂ ಇರುವುದಿಲ್ಲ. ದಾರಿಯ ನಡುವೆ ಯಾರಾದರೂ ಆಯಾಸಗೊಂಡರೆ ಚಾಲಕರಿಗೆ ಫೋನ್ ಮಾಡಿ ಬಸದಿಯ ಬಳಿಗೇ ವಾಹನವನ್ನು ಕರೆಸಿಕೊಳ್ಳಬಹುದು.

ಕೇದಾರೇಶ್ವರದ ಆವರಣದಲ್ಲಿ ಬೆಳಗಿನ ಹೊತ್ತು ಜನ ಕಡಿಮೆ. ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನೂ ಅವನ ರಾಣಿ ಕೇತಲದೇವಿಯೂ ಕಟ್ಟಿಸಿದ, ಮೂರು ಗರ್ಭಗುಡಿಗಳಿರುವ ಈ ತ್ರಿಕೂಟ ದೇವಾಲಯದ ಶಿಖರದ ಮೇಲೆ ಹಿಂದೊಮ್ಮೆ ಮರವೊಂದು ಬೇರುಬಿಟ್ಟು ಬೆಳೆದು ಕಟ್ಟಡವನ್ನು ಬಹಳವಾಗಿ ಹಾಳುಗೆಡವಿತ್ತು. ಈಗ ಶಿಖರವಿಲ್ಲದಿದ್ದರೂ ಗೋಡೆಯ ಕೆತ್ತನೆ ನಿಂತು ನೋಡುವಂತಿದೆ. ನಾವು ಮೊದಲು ದೇವಾಲಯದ ಸುತ್ತ ಹುಲ್ಲಿನ ಅಂಚಿನಲ್ಲಿ ಒಂದು ಸುತ್ತು ನಿಧಾನವಾಗಿ ಬರುತ್ತೇವೆ. ವಾಹನದಲ್ಲಿ ಮಡಿಸಿಕೊಂಡು ಕುಳಿತ ಮಂಡಿ ಸಡಿಲವಾಗುವುದಕ್ಕೆ ಈ ಒಂದು ಸುತ್ತು ಬಹಳ ಮುಖ್ಯವೆಂದು ನನ್ನ ಅನುಭವ. ಇಳಿದ ಕೂಡಲೇ ಮೆಟ್ಟಿಲು ಹತ್ತಿಸಿದರೆ ಅಂದಿನ ನೋವು ಅಲ್ಲಿಂದಲೇ ಆರಂಭವಾಗುತ್ತದೆ.

ಬಸದಿಹಳ್ಳಿಯಲ್ಲಿ ನಾವು ಹೆಚ್ಚು ಹೊತ್ತು ಕಳೆಯುತ್ತೇವೆ. ಇಲ್ಲಿ ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥರ ಮೂರು ಬಸದಿಗಳಿವೆ. ಹೊರಗೋಡೆಗಳಲ್ಲಿ ಅಲಂಕಾರ ಅಷ್ಟಾಗಿ ಇಲ್ಲದಿರುವುದರಿಂದ ಹಲವರು ಇವುಗಳನ್ನು ದಾರಿಯಿಂದಲೇ ನೋಡಿ ಮುಂದೆ ಹೋಗುವುದನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ, ಏಕೆಂದರೆ ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳಷ್ಟು ನುಣುಪಾದ ಕಂಬಗಳನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಎದುರು ನಿಂತವರ ಪ್ರತಿಬಿಂಬ ಅವುಗಳಲ್ಲಿ ಮೂಡುತ್ತದೆ. ಒಳಗೆ ತಂಪಾಗಿರುತ್ತದೆ, ಹೊತ್ತಿನ ಪರಿವೆಯಿಲ್ಲದೆ ಕುಳಿತುಕೊಳ್ಳಬಹುದು. ಕುಳಿತಾಗ ನಾನು ಅಮ್ಮನಿಗೆ ಆ ಬಸದಿಯ ಶಾಸನ ಹೇಳುವ ಸಂಗತಿಯನ್ನು ತಿಳಿಸುತ್ತೇನೆ. ದಂಡನಾಯಕ ಗಂಗರಾಜನ ಮಗ ಬೊಪ್ಪದೇವನು ತನ್ನ ತಂದೆಯ ನೆನಪಿಗಾಗಿ 1133ರಲ್ಲಿ ಇದನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಹೊಯ್ಸಳ ಅರಸ ವಿಷ್ಣುವರ್ಧನನಿಗೆ ಒಯ್ದಾಗ ಅರಸನು ಯುದ್ಧದಲ್ಲಿ ಗೆದ್ದಿದ್ದನು, ಅವನಿಗೆ ಗಂಡುಮಗುವೂ ಹುಟ್ಟಿತ್ತು. ಆ ಸಂತೋಷದಲ್ಲಿ ಅವನು ದೇವರಿಗೆ ವಿಜಯ ಪಾರ್ಶ್ವನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನು. ಕುಳಿತು ಕೇಳುವ ಇಂಥ ಒಂದು ಸಂಗತಿಯಿದ್ದರೆ ವಿಶ್ರಾಂತಿಯು ದಣಿವಿನ ಲಕ್ಷಣವಾಗಿ ಕಾಣದೆ ನಡಿಗೆಯ ಭಾಗವೇ ಆಗುತ್ತದೆ. ತಮ್ಮಿಂದಾಗಿ ಎಲ್ಲರೂ ನಿಲ್ಲಬೇಕಾಯಿತು ಎಂಬ ಸಂಕೋಚ ಹಿರಿಯರಿಗೆ ನೋವಿಗಿಂತಲೂ ಹೆಚ್ಚಿನ ಭಾರವೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದ್ದರಿಂದ ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ಅವರು ಕೇಳುವ ಮೊದಲೇ ನಾನು ನಿರ್ಧರಿಸಿರುತ್ತೇನೆ.

ಅಲ್ಲಿಂದ ಹೊಯ್ಸಳೇಶ್ವರಕ್ಕೆ ತಲುಪುವ ವೇಳೆಗೆ ಬಿಸಿಲು ಏರಿರುತ್ತದೆ. ದೇವಾಲಯ ಪೂರ್ವಾಭಿಮುಖವಾಗಿದೆ, ಅತ್ಯಂತ ಸೊಗಸಾದ ಶಿಲ್ಪಗಳಿರುವ ಪಶ್ಚಿಮದ ಗೋಡೆ ಬೆಳಗಿನ ಹೊತ್ತು ನೆರಳಿನಲ್ಲಿರುತ್ತದೆ. ಛಾಯಾಚಿತ್ರ ತೆಗೆಯುವವರು ಈ ಗೋಡೆಗಾಗಿ ಸಂಜೆಯ ಬೆಳಕನ್ನು ಕಾಯುತ್ತಾರೆ, ದೇವಾಲಯ ನಿಂತಿರುವ ಎತ್ತರದ ಕಲ್ಲುಕಟ್ಟೆಯಾದ ಜಗತಿಯ ಮೇಲೆ ಬರಿಗಾಲಿನಲ್ಲಿ ನಡೆಯಬೇಕಾದವರಿಗೆ ಬೆಳಗಿನ ನೆರಳೇ ಬೇಕು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಪಾದ ಊರಲಾಗದೆ ಅವಸರದಲ್ಲಿ ಹೆಜ್ಜೆ ಹಾಕುವಾಗಲೇ ಹಿರಿಯರು ಎಡವುವ ಅಪಾಯ ಹೆಚ್ಚು. ಎಲ್ಲರಿಗೂ ದಪ್ಪನೆಯ ಹತ್ತಿಯ ಕಾಲುಚೀಲಗಳನ್ನು ಕೈಚೀಲದಲ್ಲಿಟ್ಟುಕೊಂಡು ಹೋಗುತ್ತೇನೆ. ಗೋಡೆಯ ಕೆಳಗಿನ ಪಟ್ಟಿಕೆಗಳನ್ನು ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಒಂದೊಂದಾಗಿ ನೋಡುತ್ತ, ಅದರ ಮೇಲಿನ ರಾಮಾಯಣ ಮಹಾಭಾರತಗಳ ಪಟ್ಟಿಕೆಗೆ ಬಂದಾಗ ದೊಡ್ಡಮ್ಮ ತಾವೇ ಕಥೆಯನ್ನು ಗುರುತಿಸಿ ನಮಗೆ ಹೇಳುತ್ತಾರೆ. ಎಲ್ಲ ಗೋಡೆಗಳನ್ನೂ ಒಂದೇ ದಿನ ನೋಡಿ ಮುಗಿಸಬೇಕೆಂಬ ಹಟವನ್ನು ನಾವು ಇಟ್ಟುಕೊಂಡಿಲ್ಲ. ಒಂದು ಸಲ ದಕ್ಷಿಣ ಭಾಗ ಮತ್ತು ಅದರ ಪಕ್ಕದಲ್ಲಿ ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ನೆನಪನ್ನು ಉಳಿಸಿರುವ ಗರುಡಗಂಬ, ಇನ್ನೊಂದು ಸಲ ಪೂರ್ವದ ನಂದಿ ಮಂಟಪಗಳು ಎಂದು ಹಂಚಿಕೊಳ್ಳುತ್ತೇವೆ. ಬೇಲೂರು ಮತ್ತು ಸೋಮನಾಥಪುರಗಳೊಡನೆ ಈ ದೇವಾಲಯ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರಜಾದಿನಗಳಲ್ಲಿ ಜನಸಂದಣಿ ಇರುವುದರಿಂದ ನಾವು ವಾರದ ನಡುವಿನ ದಿನಗಳನ್ನೇ ಆರಿಸಿಕೊಳ್ಳುತ್ತೇವೆ. ನೋಡಿ ಮುಗಿದ ಮೇಲೆ ಹುಲ್ಲುಹಾಸಿನ ಮರದ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು, ವಾಹನದ ಬಳಿಗೆ ಹೋಗುತ್ತೇವೆ.

ನದಿಯ ದಡದ ನಡಿಗೆಗೆ ಮೊದಲು ಹಲವು ಜಾಗಗಳನ್ನು ಯೋಚಿಸಿದ್ದೆ. ಹೇಮಾವತಿಯ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ಬೇಸಿಗೆಯಲ್ಲಿ ನೀರು ಇಳಿದಾಗ ನೋಡಲು ಬಹಳ ಚೆಲುವಾಗಿರುತ್ತದೆಯಾದರೂ ಅಲ್ಲಿ ನೆರಳಿಲ್ಲ, ಕೆರೆಯಂಗಳದ ಒಣಗಿ ಬಿರಿದ ಮಣ್ಣಿನ ಮೇಲೆ ನಡೆಯುವುದು ಮಂಡಿನೋವಿನವರಿಗೆ ಹೇಳಿದ್ದಲ್ಲ. ಶೃಂಗೇರಿ ಹಾಗಲ್ಲ. ರಸ್ತೆಯ ತಿರುವುಗಳಿಂದ ಪ್ರಯಾಣ ದೀರ್ಘವೆನಿಸಿದರೂ ತಲುಪಿದ ಮೇಲೆ ದೇವಾಲಯ, ಸೋಪಾನ, ಸೇತುವೆ, ತೋಪು ಎಲ್ಲವೂ ಒಂದಕ್ಕೊಂದು ಅಂಟಿಕೊಂಡಂತೆ ಇವೆ. ವಿದ್ಯಾಶಂಕರ ದೇವಾಲಯದ ಸುತ್ತ ಒಂದು ಪ್ರದಕ್ಷಿಣೆ ಬಂದು, ಒಳಗಿನ ಹನ್ನೆರಡು ರಾಶಿಕಂಬಗಳನ್ನು ನೋಡಿ, ಅಲ್ಲಿಂದ ತುಂಗೆಯ ಮೆಟ್ಟಿಲುಗಳ ಕಡೆಗೆ ಇಳಿಯುತ್ತೇವೆ.

ಇಲ್ಲಿ ಇಡೀ ನಡಿಗೆ ಬಹುಮಟ್ಟಿಗೆ ಬರಿಗಾಲಿನದು, ಹಾಗಾಗಿ ಹೊತ್ತಿನ ಆಯ್ಕೆಯೇ ಎಲ್ಲಕ್ಕಿಂತ ಮುಖ್ಯ. ಮೆಟ್ಟಿಲಿಳಿಯುವಾಗ ನಾನು ಅಮ್ಮನ ಮುಂದೆ ಒಂದು ಮೆಟ್ಟಿಲು ಕೆಳಗೆ ನಡೆಯುತ್ತೇನೆ, ಅವರು ನನ್ನ ಭುಜ ಹಿಡಿದುಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತು ರಟ್ಟೆ ಹಿಡಿಯುವುದಕ್ಕಿಂತ ಇದು ಭದ್ರ. ನೀರಿಗೆ ತಾಗಿದ ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ ಇರುವುದರಿಂದ ಒಣಗಿದ ಮೆಟ್ಟಿಲಿನಲ್ಲಿಯೇ ನಿಂತು ಮಂಡಕ್ಕಿ ಎಸೆದರೆ ಸಾಕು, ದೇವರ ಮೀನುಗಳೆಂದು ಯಾರೂ ಹಿಡಿಯದ ಆ ದೊಡ್ಡ ಮೀನುಗಳು ತಾವೇ ಗುಂಪಾಗಿ ಬರುತ್ತವೆ. "ನೀವೆಲ್ಲ ಆಚೆ ದಡಕ್ಕೆ ಹೋಗಿ ಬನ್ನಿ, ನಾನು ಇಲ್ಲೇ ಮೀನು ನೋಡ್ತಾ ಕೂತಿರ್ತೀನಿ" ಎಂದು ದೊಡ್ಡಮ್ಮ ಹೇಳಿದರೆ ನಾನು ಬಲವಂತ ಮಾಡುವುದಿಲ್ಲ, ಆದರೆ ಮನೆಯವರೊಬ್ಬರನ್ನು ಅವರ ಜೊತೆಯಲ್ಲಿ ಬಿಟ್ಟೇ ಹೋಗುತ್ತೇನೆ. ಸೇತುವೆ ಸಮತಟ್ಟಾಗಿದೆ, ಅದನ್ನು ದಾಟಿದರೆ ನರಸಿಂಹವನದ ಮರಗಳ ನೆರಳು, ಶೃಂಗೇರಿ ಮಠದ ಹಿಂದಿನ ಗುರುಗಳ ಸಮಾಧಿಗಳಾದ ಅಧಿಷ್ಠಾನಗಳು, ಮತ್ತು ಹೆಜ್ಜೆಯ ಸದ್ದೂ ಕೇಳುವಷ್ಟು ಮೌನ. ಸೇತುವೆಯ ನಡುವೆ ನಿಂತಾಗ ಅಮ್ಮ ಪ್ರತಿ ಸಲವೂ "ಗಂಗಾ ಸ್ನಾನ, ತುಂಗಾ ಪಾನ" ಎಂದು ಹೇಳಿ ನದಿಗೆ ಕೈಮುಗಿಯುತ್ತಾರೆ.

ಶೃಂಗೇರಿಗೆ ನಾವು ಹೋಗುವುದು ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳಲ್ಲಿ ಮಾತ್ರ. ಆಗ ಹೊಳೆ ತಿಳಿಯಾಗಿರುತ್ತದೆ, ಮೆಟ್ಟಿಲುಗಳು ಒಣಗಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಗೆ ತುಂಗೆ ಉಕ್ಕಿ ದಡದ ಕಪ್ಪೆಶಂಕರ ಗುಡಿಯೂ ಮುಳುಗುವುದುಂಟು. ತೋಪಿನ ದಾರಿಗಳಲ್ಲಿ ಉಂಬಳಗಳ ಕಾಟವೂ ಇರುತ್ತದೆ. ನವರಾತ್ರಿಯಲ್ಲಿ ದೇವಿಯ ದರ್ಶನಕ್ಕೆ ಹೋಗುವ ಪದ್ಧತಿ ಮನೆಯಲ್ಲಿದೆ, ಆದರೆ ಅದನ್ನು ನಡಿಗೆಯ ಲೆಕ್ಕಕ್ಕೆ ಸೇರಿಸುವುದಿಲ್ಲ, ಆ ಜನಸಂದಣಿಯಲ್ಲಿ ನಿಧಾನಕ್ಕೆ ಜಾಗವಿಲ್ಲ. ಮಳೆಗಾಲದಲ್ಲಿ ಹೊರಗೆ ಹೋಗಲೇಬೇಕೆನಿಸಿದರೆ ಮಳೆ ಕಡಿಮೆ ಬೀಳುವ ಹಳೇಬೀಡನ್ನೇ ಆರಿಸುತ್ತೇವೆ, ಆದರೆ ಒದ್ದೆಯಾದ ಬಳಪದ ಕಲ್ಲು ಜಾರುವುದರಿಂದ ಅಂಥ ದಿನ ಜಗತಿಯನ್ನು ಹತ್ತದೆ, ರಬ್ಬರಿನ ಅಡಿಯಿರುವ ಚಪ್ಪಲಿಯನ್ನು ಕಾಲಿನಲ್ಲಿಯೇ ಉಳಿಸಿಕೊಂಡು, ಕೊಡೆ ಹಿಡಿದು ಹುಲ್ಲುಹಾಸಿನ ಕಾಲುದಾರಿಯಲ್ಲಿ ಅಡ್ಡಾಡಿ, ಬಯಲಿನಲ್ಲಿಟ್ಟಿರುವ ಶಿಲ್ಪಗಳನ್ನು ನೋಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುತ್ತೇವೆ.