ಪಂಪ್‌ಹೌಸಿನ ಡಬ್ಬಿ ಕಳುವಾದ ಮೇಲೆ

ಚಿಕ್ಕಬಳ್ಳಾಪುರದ ಕಡೆ ಗುಲಾಬಿ ಬೆಳೆಯುವ 12 ಪಾಲಿಹೌಸ್‌ಗಳಿಗೆ ನಾನು ಫಾಗ್ ಕಂಪ್ಯೂಟಿಂಗ್ ವ್ಯವಸ್ಥೆ ಹಾಕಿಕೊಟ್ಟಿದ್ದೆ. ಅಂದರೆ ಮಂಜು ಸಿಂಪಡಿಸುವುದಲ್ಲ, ದೂರದ ಕ್ಲೌಡನ್ನು ಕಾಯದೆ ತೋಟದಲ್ಲೇ ನಿರ್ಧಾರ ಮಾಡುವ ಕಂಪ್ಯೂಟರ್. ಪ್ರತಿ ಪಂಪ್‌ಹೌಸಿನಲ್ಲಿ ಒಂದು ಡಬ್ಬಿ, ಒಳಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಮಣ್ಣಿನ ತೇವ ನೋಡಿ ವಾಲ್ವ್ ತೆರೆಯುವುದು ಅದೇ. ಕ್ಲೌಡ್‌ಗೆ ಲೆಕ್ಕ ಹೋಗುತ್ತದೆ, ಅಲ್ಲಿಂದ ಆಗಾಗ ಆಜ್ಞೆ ಬರುತ್ತದೆ. ನೆಟ್‌ವರ್ಕ್ ಹೋಯಿತೆಂದು ಗಿಡಕ್ಕೆ ನೀರು ನಿಲ್ಲಬಾರದು, ಅಲ್ವಾ?

ಕ್ಲೌಡ್ ಕಡೆಯ ಭದ್ರತೆಗೆ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಪಂಪ್‌ಹೌಸಿನ ಬಾಗಿಲಿಗೆ ಮಾತ್ರ ತಂತಿ ಸುತ್ತಿತ್ತು. ಒಂದು ರಾತ್ರಿ ಮೋಟರಿನ ಕೇಬಲ್ ಕದ್ದವರು ಡಬ್ಬಿಯನ್ನೂ ಒಯ್ದರು.

ಆಗ ಎದೆ ಝಲ್ಲೆಂದಿತು. 12 ಡಬ್ಬಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದೆ. ಮೆಮೊರಿ ಕಾರ್ಡನ್ನು ಯಾವ ಲ್ಯಾಪ್‌ಟಾಪಿಗೆ ಹಾಕಿದರೂ ಅದು ಸಿಗುತ್ತದೆ. ಡಬ್ಬಿಗಳ ಸಂದೇಶಗಳನ್ನು ಹಂಚುವ ಸರ್ವರಿನಲ್ಲಿ (ಎಂಕ್ಯೂಟಿಟಿ ಬ್ರೋಕರ್) ಯಾರು ಯಾವ ಟಾಪಿಕ್, ಅಂದರೆ ಯಾವ ತೋಟದ ಸಂದೇಶದ ಸಾಲು, ಮುಟ್ಟಬಹುದು ಎಂಬ ಕಟ್ಟುಪಾಡೂ ಇರಲಿಲ್ಲ. ಅದೊಂದು ಪಾಸ್‌ವರ್ಡ್ ಇದ್ದರೆ ಉಳಿದ 11 ತೋಟಗಳ ವಾಲ್ವ್ ತೆರೆಯಬಹುದಿತ್ತು. ತಕ್ಷಣ ಬದಲಿಸಿದೆ. ಎಲ್ಲ ಡಬ್ಬಿಗಳೂ ಕ್ಲೌಡಿನಿಂದ ಕಡಿದುಹೋದವು. ಎರಡು ದಿನ ಬೈಕಿನಲ್ಲಿ ತೋಟದಿಂದ ತೋಟಕ್ಕೆ ಹೋಗಿ ಸರಿಪಡಿಸಿದೆ. ಅಷ್ಟರಲ್ಲೂ ನೀರು ನಿಲ್ಲಲಿಲ್ಲ, ಅದೇ ಸಮಾಧಾನ.

ಈಗ ಪ್ರತಿ ಡಬ್ಬಿಗೂ ತನ್ನದೇ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತಿನ ಚೀಟಿ. ಅದರ ಗುಟ್ಟಿನ ಕೀ ಇರುವುದು ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ, ನಕಲು ಮಾಡಲು ಬರುವುದಿಲ್ಲ. ತನ್ನ ತೋಟದ ಟಾಪಿಕ್ ಬಿಟ್ಟು ಬೇರೆ ಕಾಣುವುದಿಲ್ಲ. ಒಂದು ಕಳುವಾದರೆ ಅದೊಂದನ್ನೇ ರದ್ದು ಮಾಡಿದರಾಯಿತು.

ಆದರೆ ಹೊಸ ತೊಂದರೆ ಎದುರಾಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟು ಒಂದು ಕಡೆ ನಾಲ್ಕು ದಿನ ಕರೆಂಟಿಲ್ಲ. ಬಂದ ಮೇಲೂ ಡಬ್ಬಿ ಕ್ಲೌಡ್‌ಗೆ ಸೇರಲೊಲ್ಲದು. ಪೈ 4ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಅದು ಇನ್ನೂ ನಾಲ್ಕು ದಿನ ಹಿಂದೆಯೇ ಇತ್ತು. ಆ ನಡುವೆ ಸರ್ವರಿನ ಸರ್ಟಿಫಿಕೇಟ್ ಹೊಸದಾಗಿತ್ತು. ‘ಇದು ಇನ್ನೂ ಜಾರಿಗೆ ಬಂದಿಲ್ಲ’ ಎಂದು ಡಬ್ಬಿ ತಿರಸ್ಕರಿಸುತ್ತಿತ್ತು. ಸಮಯ ಕೇಳಿ ತಿದ್ದಿಕೊಳ್ಳೋಣವೆಂದರೆ, ಭದ್ರತೆಗೆಂದು ಎಂಕ್ಯೂಟಿಟಿಯ 8883 ಮತ್ತು ಸರ್ವರಿನ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಬಿಟ್ಟು ಎಲ್ಲ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ನಾನೇ ಮುಚ್ಚಿದ್ದೆ. ಸಮಯ ಕೇಳುವ ಎನ್‌ಟಿಪಿಯ 123 ಕೂಡ! ಸರ್ಟಿಫಿಕೇಟ್ ತಪಾಸಣೆಯನ್ನೇ ಸುಮ್ನೆ ಆಫ್ ಮಾಡು ಎಂದರು ಗೆಳೆಯರು. ಮಾಡಲಿಲ್ಲ. ಹಾಗೆ ಮಾಡಿದರೆ ಸರ್ವರ್ ಎಂದು ಹೇಳಿಕೊಂಡು ಬಂದ ಯಾರನ್ನಾದರೂ ಡಬ್ಬಿ ನಂಬಿಬಿಡುತ್ತದೆ. ಪ್ರತಿಯೊಂದಕ್ಕೂ ಡಿಎಸ್3231 ಗಡಿಯಾರ, ನಾಣ್ಯದಂಥ ಬ್ಯಾಟರಿ ಹಾಕಿದೆ. 123ನ್ನು ಸಮಯ ಹೇಳುವ ಒಂದೇ ಸರ್ವರಿಗೆ ತೆರೆದೆ.

ಇನ್ನೊಂದು ಕೆಲಸ ಮಾಡಿದೆ. ಕ್ಲೌಡಿನಿಂದ ಯಾವ ಆಜ್ಞೆ ಬಂದರೂ ವಾಲ್ವ್ 20 ನಿಮಿಷಕ್ಕಿಂತ ಜಾಸ್ತಿ ತೆರೆದಿರುವುದಿಲ್ಲ. ಆ ಮಿತಿಯನ್ನು ದೂರದಿಂದ ಬದಲಿಸಲಾಗದು, ಪಂಪ್‌ಹೌಸಿಗೇ ಬರಬೇಕು. ಅದರ ಬಾಗಿಲಿಗೆ ಈಗ ಬೀಗವಿದೆ.